ರಕ್ತನಾಳ ಹೊಲಿದ ಬಡಗಿ: ವಿವಿಯನ್ ಥಾಮಸ್



ವಾರ್ಷಿಕೋತ್ಸವದ ಸಂಚಿಕೆ ಅಂದ್ರೆ ಬಾಬಾಸಾಹೇಬರು, ಜ್ಯೋತಿಬಾ ಫುಲೆ, ತಾಯಿ ಸಾವಿತ್ರಿಬಾಯಿ, ಇವರ ಜೀವನ ಇರಲೇಬೇಕು. ಅವರನ್ನು ನೀವು ಬಲ್ಲಿರಿ. ಈ ಸಲ ಅವರ ಸಾಲಿಗೆ ಇನ್ನೊಬ್ಬ ದೊಡ್ಡವರನ್ನು ಕರೆದು ತಂದು ನಿಮ್ಮ ಮುಂದೆ ನಿಲ್ಲಿಸೋಣ ಅಂತ ಬರೀತಾ ಇದ್ದೀನಿ. ಅವರು ನಮ್ಮ ರಾಯದುರ್ಗದವರಲ್ಲ, ಮಡಕಶಿರಾದವರಲ್ಲ, ಈ ದೇಶದವರೇ ಅಲ್ಲ. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದವರು, ಗುಲಾಮರಾಗಿದ್ದವರ ಮೊಮ್ಮಗ. ಡಾಕ್ಟರಿಕೆ ಓದಲಿಲ್ಲ, ಕಾಲೇಜಿನ ಮೆಟ್ಟಿಲನ್ನೇ ಹತ್ತಲಿಲ್ಲ. ಆದರೂ ಮನುಷ್ಯನ ರಕ್ತನಾಳ, ರಕ್ತದ ಒತ್ತಡ, ಹೃದಯದ ಆಪರೇಷನ್ ಇವುಗಳ ಬಗ್ಗೆ ಇವತ್ತು ಜಗತ್ತಿಗೆ ಗೊತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಅವರ ಕೈಯಿಂದ ಬಂದದ್ದು. ಅವರ ಹೆಸರು ವಿವಿಯನ್ ಥಾಮಸ್.

ಅಮೆರಿಕದವರ ಕತೆ ನಮಗ್ಯಾಕೆ ಅಂತ ಕೇಳಬಹುದು. ನಂಟು ಹಳೆಯದು ನೋಡ್ರಿ. ಫುಲೆಯವರು 1873ರಲ್ಲಿ ಗುಲಾಮಗಿರಿ ಎಂಬ ಪುಸ್ತಕ ಬರೆದಾಗ ಅದನ್ನು ಅರ್ಪಿಸಿದ್ದು, ಗುಲಾಮಗಿರಿ ತೊಲಗಿಸಲು ಹೋರಾಡಿದ ಅಮೆರಿಕದ ಜನರಿಗೆ. ಬಾಬಾಸಾಹೇಬರು 1913ರಲ್ಲಿ ಓದಲು ಹೋದದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ. ಮುಂದೆ 1946ರಲ್ಲಿ ಅವರು ಕಪ್ಪು ಜನರ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ಆ ಜನರ ಹೋರಾಟದ ವಿಷಯ ಕೇಳಿ ತಿಳಿದುಕೊಂಡರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ಸಂಘಟನೆ ಹೆಸರು ತೆಗೆದುಕೊಂಡದ್ದೂ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಅವರಿಂದಲೇ. ಆ ದೇಶದ ಕೇರಿಯಲ್ಲಿ ನಡೆದದ್ದು ಈ ಕೇರಿಗೆ ಅರ್ಥ ಆಗದೇ ಇರೋದಿಲ್ಲ.

ಬಡಗಿಯ ಮಗ

ವಿವಿಯನ್ ಹುಟ್ಟಿದ್ದು 1910ರ ಆಗಸ್ಟ್ 29ರಂದು, ಅಮೆರಿಕದ ದಕ್ಷಿಣಕ್ಕಿರುವ ಲೂಸಿಯಾನ ರಾಜ್ಯದಲ್ಲಿ. ಈ ಸಲ ಹೆಣ್ಣೇ ಆಗುತ್ತದೆ ಅಂತ ತಂದೆತಾಯಿ ಮೊದಲೇ ಹೆಣ್ಣು ಹೆಸರು ಇಟ್ಟುಕೊಂಡು ಕಾದಿದ್ದರಂತೆ. ಹುಟ್ಟಿದ್ದು ಗಂಡು. ಅದೇ ಹೆಸರನ್ನು ಒಂದಕ್ಷರ ತಿದ್ದಿ ಇಟ್ಟರು. ಆಮೇಲೆ ಸಂಸಾರ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರಿಗೆ ಬಂತು. ತಂದೆ ಬಡಗಿ. ಮಕ್ಕಳು ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ಉಳಿ, ರಂದ, ಗರಗಸ ಹಿಡಿಯುತ್ತಿದ್ದರು. ಅಳತೆ ತಪ್ಪಿದರೆ ಮರ ಹಾಳು, ದುಡ್ಡು ಹಾಳು. ಆದ್ದರಿಂದ ಎರಡು ಸಲ ಅಳೆದು ಒಂದು ಸಲ ಕೊಯ್ಯುವ ಗುಣ ಆ ಹುಡುಗನ ಕೈಗೆ ಚಿಕ್ಕಂದಿನಲ್ಲೇ ಬಂತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ಶಾಲೆ ಬೇರೆ, ರೈಲು ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಹೋಟೆಲಿನಲ್ಲಿ ಎರಡು ಗ್ಲಾಸಿನ ಪದ್ಧತಿ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿವಿಯನ್ ಕಪ್ಪು ಮಕ್ಕಳ ಪರ್ಲ್ ಹೈಸ್ಕೂಲಿನಲ್ಲಿ ಓದಿ 1929ರಲ್ಲಿ ಪಾಸಾದರು. ಡಾಕ್ಟರ್ ಆಗಬೇಕು ಅಂತ ಆಸೆ. ಕಾಲೇಜು ಫೀಜಿಗಾಗಿ ಬಡಗಿ ಕೆಲಸ ಮಾಡಿ ಒಂದೊಂದೇ ಡಾಲರ್ ಕೂಡಿಟ್ಟರು. ಅವರು ಬಡಗಿ ಕೆಲಸ ಮಾಡಿದ ಜಾಗಗಳಲ್ಲಿ ಒಂದು ಫಿಸ್ಕ್ ವಿಶ್ವವಿದ್ಯಾಲಯ. ಬಾಬಾಸಾಹೇಬರು ಕಾಗದ ಬರೆದ ಅದೇ ಡು ಬಾಯ್ಸ್ ಓದಿದ್ದು ಅಲ್ಲೇ. ಅವರು ಓದಿದ ಆವರಣದಲ್ಲಿ ಇವರು ಹಲಗೆ ಜೋಡಿಸಿದರು.

1929ರ ಕೊನೆಗೆ ಅಮೆರಿಕದ ಶೇರು ಮಾರುಕಟ್ಟೆ ಬಿತ್ತು. ಕೆಲಸ ಹೋಯಿತು. 1930ರ ಫೆಬ್ರವರಿಯಲ್ಲಿ, ಸದ್ಯಕ್ಕೆ ಹೊಟ್ಟೆಪಾಡು ನಡೆಯಲಿ ಅಂತ, ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಎಂಬ ಬಿಳಿಯ ಸರ್ಜನ್ನರ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿದರು. ಒಂದು ವರ್ಷ ದುಡಿದು ಕಾಲೇಜಿಗೆ ಹೋಗೋಣ ಅಂತ ಲೆಕ್ಕ. ಆದರೆ ಅದೇ ವರ್ಷ ದುಡ್ಡಿಟ್ಟ ಬ್ಯಾಂಕೂ ಮುಳುಗಿತು. ಕೂಡಿಟ್ಟದ್ದೆಲ್ಲ ಹೋಯಿತು. ಡಾಕ್ಟರಿಕೆಯ ಕನಸು ಅಲ್ಲಿಗೆ ನಿಂತಿತು. ಹತ್ತೊಂಬತ್ತು ಇಪ್ಪತ್ತರ ವಯಸ್ಸು, ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು.

ಪುಸ್ತಕ ಕಲಿತ ಕೈ, ಬಗ್ಗದ ತಲೆ

ಲ್ಯಾಬಿನಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಯುತ್ತಿತ್ತು. ಮೊದಮೊದಲು ವಿವಿಯನ್ ಕೆಲಸ ಎತ್ತಿಕೊಡುವುದು, ಹಿಡಿದುಕೊಳ್ಳುವುದು, ಬರೆದಿಡುವುದು. ಕೆಲವೇ ವಾರದಲ್ಲಿ ಅವರೇ ಮತ್ತು ಬರಿಸುವುದು, ಕೊಯ್ಯುವುದು, ನಾಳದ ಒತ್ತಡ ಅಳೆಯುವುದು, ಹೊಲಿಯುವುದು ಮಾಡತೊಡಗಿದರು. ರಾತ್ರಿ ಕೂತು ರಸಾಯನ ಶಾಸ್ತ್ರ, ಶರೀರ ಶಾಸ್ತ್ರದ ದಪ್ಪ ಪುಸ್ತಕಗಳನ್ನು ಓದಿದರು. ತಿಳಿಯದ್ದನ್ನು ಅಲ್ಲಿನ ಕಿರಿಯ ಡಾಕ್ಟರುಗಳಿಂದ ಕೇಳಿ ಕಲಿತರು.

ಸೇರಿದ ಹೊಸದರಲ್ಲೇ ಒಂದು ಸಂಗತಿ ನಡೆಯಿತು. ಏನೋ ತಪ್ಪಾಯಿತು ಅಂತ ಬ್ಲಾಲಾಕ್ ಸಿಟ್ಟಿಗೆದ್ದು ಕೆಟ್ಟ ಮಾತು ಬೈದರು. ವಿವಿಯನ್ ಎದುರು ಜಗಳಕ್ಕೆ ನಿಲ್ಲಲಿಲ್ಲ, ತಲೆ ತಗ್ಗಿಸಿ ಸುಮ್ಮನೂ ಆಗಲಿಲ್ಲ. ಹೋಗಿ ಕೆಲಸದ ಬಟ್ಟೆ ಬಿಚ್ಚಿ ತಮ್ಮ ಬಟ್ಟೆ ಹಾಕಿಕೊಂಡು ಬಂದು, ಇಂಥ ಮಾತು ಕೇಳಿಕೊಂಡು ಇರುವವನು ನಾನಲ್ಲ, ನನ್ನ ಲೆಕ್ಕ ಚುಕ್ತಾ ಮಾಡಿಬಿಡಿ ಅಂತ ಹೇಳಿದರು. ಬ್ಲಾಲಾಕ್ ಕ್ಷಮೆ ಕೇಳಿ, ಇನ್ನು ಮುಂದೆ ಹಾಗೆ ಮಾತಾಡುವುದಿಲ್ಲ ಅಂತ ಮಾತು ಕೊಟ್ಟರು. ಆಗ ಬಿಳಿಯ ಒಡೆಯನ ಮುಂದೆ ಕಪ್ಪು ಹುಡುಗ ಹೀಗೆ ನಿಲ್ಲುವುದು ಸಣ್ಣ ಮಾತಲ್ಲ. ಹೊರಗೆ ಕೆಲಸವಿಲ್ಲದ ಜನ ಸಾಲುಗಟ್ಟಿ ನಿಂತಿದ್ದ ಕಾಲ ಅದು.

ಇನ್ನೊಂದು ದಿನ ಮತ್ತೊಬ್ಬ ಕಪ್ಪು ಸಹೋದ್ಯೋಗಿಯ ಜೊತೆ ಸಂಬಳದ ಮಾತು ಬಂದಾಗ ಗುಟ್ಟು ಹೊರಬಿತ್ತು. ವಿಶ್ವವಿದ್ಯಾಲಯದ ರಿಜಿಸ್ಟರಿನಲ್ಲಿ ವಿವಿಯನ್ ಥಾಮಸ್ ಅವರ ಹುದ್ದೆ ಜಾಡಮಾಲಿ ಅಂತ ಇತ್ತು! ಹಗಲೆಲ್ಲ ಸಂಶೋಧನೆ, ಕಾಗದದಲ್ಲಿ ಕಸ ಗುಡಿಸುವವ. ಅವರು ಅದನ್ನೂ ಸುಮ್ಮನೆ ಬಿಡಲಿಲ್ಲ, ಹೋಗಿ ಕೇಳಿದರು. ಸಂಬಳ ಏರಿತು. ಆ ಮನೆತನದ ಗುಣವೇ ಹಾಗೆ. ಅವರ ಅಣ್ಣ ಹೆರಾಲ್ಡ್ ನ್ಯಾಶ್‌ವಿಲ್‌ನಲ್ಲಿ ಮೇಷ್ಟ್ರು. ಕಪ್ಪು ಮೇಷ್ಟ್ರುಗಳಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಕೊಡುವುದು ಅನ್ಯಾಯ ಅಂತ ಕೋರ್ಟಿಗೆ ಹೋಗಿ 1942ರಲ್ಲಿ ಗೆದ್ದರು.

ಮೋಟಾರು ಸರಿ ಇದೆ, ನೀರೆಲ್ಲಿ?

ಈಗ ಅವರು ಕಂಡುಹಿಡಿದದ್ದು ಏನು ಅಂತ ನೋಡೋಣ. ನಮ್ಮ ಸೀಮೆ ಬೋರ್‌ವೆಲ್ ಸೀಮೆ, ಆದ್ದರಿಂದ ತಿಳಿಯುವುದು ಸುಲಭ.

ಹೃದಯ ಅಂದರೆ ಮೋಟಾರು. ರಕ್ತನಾಳ ಅಂದರೆ ಪೈಪ್‌ಲೈನು. ದೊಡ್ಡ ಪೈಪಿನಿಂದ ಸಣ್ಣ ಪೈಪು, ಅದರಿಂದ ಡ್ರಿಪ್ ನಳಿಗೆ, ಹೀಗೆ ಕವಲೊಡೆದು ಪ್ರತಿ ಗಿಡದ ಬುಡಕ್ಕೂ ನೀರು ಮುಟ್ಟಬೇಕು. ಪೈಪಿನಲ್ಲಿ ಒತ್ತಡ ಇದ್ದರೆ ಕೊನೆ ಸಾಲಿನ ಗಿಡಕ್ಕೂ ಹನಿ ಬೀಳುತ್ತದೆ. ಒತ್ತಡ ಇಳಿದರೆ ದೂರದ ಸಾಲು ಒಣಗುತ್ತದೆ. ಅತಿಯಾದರೆ ಪೈಪು ಸೀಳುತ್ತದೆ, ಮೋಟಾರು ಬಿಸಿಯಾಗುತ್ತದೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಅಂದ್ರೆ ಇದೇ ಒತ್ತಡ. ಅವರು ಹೇಳುವ ಎರಡು ಅಂಕಿಯಲ್ಲಿ ಮೇಲಿನದು ಹೃದಯ ಒತ್ತಿದಾಗಿನದು, ಕೆಳಗಿನದು ಹೃದಯ ಸಡಿಲಿದಾಗಿನದು.

ಲಾರಿ ಹಾಯ್ದು ಕಾಲು ನುಜ್ಜುಗುಜ್ಜಾದವರನ್ನು, ಯುದ್ಧದಲ್ಲಿ ಗಾಯಗೊಂಡವರನ್ನು ನೋಡಿ ಆಗಿನ ಡಾಕ್ಟರುಗಳಿಗೆ ಒಂದು ಒಗಟು. ಹೃದಯ ಚೆನ್ನಾಗಿದೆ, ತಲೆಗೆ ಪೆಟ್ಟಿಲ್ಲ, ಆದರೂ ಮೈ ತಣ್ಣಗಾಗಿ, ಬೆವರಿ, ನಾಡಿ ಕ್ಷೀಣಿಸಿ, ಬಿ.ಪಿ. ಇಳಿಯುತ್ತಾ ಹೋಗಿ ಮನುಷ್ಯ ಸಾಯುತ್ತಾನೆ. ಇದಕ್ಕೆ ಶಾಕ್ ಅಂತ ಹೆಸರು. ಗಾಯದಿಂದ ಯಾವುದೋ ವಿಷ ಹುಟ್ಟಿ ರಕ್ತಕ್ಕೆ ಸೇರುತ್ತದೆ ಅಂತ ಎಷ್ಟೋ ದೊಡ್ಡ ಪಂಡಿತರು ನಂಬಿದ್ದರು. ಬ್ಲಾಲಾಕ್ ಮತ್ತು ಥಾಮಸ್ ನೂರಾರು ಪ್ರಯೋಗ ಮಾಡಿ, ತೂಕ ಮಾಡಿ, ಅಳೆದು ತೋರಿಸಿದರು: ವಿಷ ಗಿಷ ಏನೂ ಇಲ್ಲ. ಜಜ್ಜಿದ ಜಾಗದಲ್ಲಿ ನಾಳಗಳಿಂದ ರಕ್ತವೂ ರಕ್ತದ ನೀರೂ ಮಾಂಸದೊಳಗೆ ಸೋರಿಹೋಗುತ್ತದೆ. ಹೊರಗೆ ಕಾಣುವುದಿಲ್ಲ, ಆದರೆ ಪೈಪಿನಲ್ಲಿ ನೀರಿಲ್ಲ. ಮೋಟಾರು ಓಡುತ್ತಿದ್ದರೂ ಒತ್ತಡ ಎಲ್ಲಿಂದ ಬರಬೇಕು? ಸೋರಿದ್ದನ್ನು ಬೇಗ ತುಂಬಬೇಕು, ಅದೇ ಔಷಧ.

ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ರಕ್ತ, ಪ್ಲಾಸ್ಮಾ ಏರಿಸಿ ಸಾವಿರಾರು ಜೀವ ಉಳಿಸಿದ್ದರ ಹಿಂದೆ ಈ ಲೆಕ್ಕ ಇದೆ. ಇವತ್ತು ಬಳ್ಳಾರಿ ರಸ್ತೆಯಲ್ಲಿ ಬೈಕ್ ಬಿದ್ದವನಿಗೆ 108 ಗಾಡಿಯಲ್ಲೇ ಬಾಟಲಿ ಹಾಕುತ್ತಾರಲ್ಲ, ಅದರ ಹಿಂದೆಯೂ ಇದೇ ಇದೆ. ಏಪ್ರಿಲ್ 14ಕ್ಕೆ ನಾವು ಕೊಡುವ ಒಂದು ಬಾಟಲಿ ರಕ್ತ ಯಾರದೋ ಪೈಪಿನ ಒತ್ತಡವನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ.

ಸೋತ ಪ್ರಯೋಗ

1938ರ ಹೊತ್ತಿಗೆ ಅವರು ಇನ್ನೊಂದು ಪ್ರಶ್ನೆ ಹಿಡಿದರು. ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿದರೆ ಏನಾಗುತ್ತದೆ? ಅದನ್ನು ನೋಡಬೇಕಾದರೆ ಮೊದಲು ಒತ್ತಡ ಏರಿಸಬೇಕು. ಅದಕ್ಕೆ ನಾಯಿಯ ಎಡಗೈಗೆ ರಕ್ತ ಒಯ್ಯುವ ನಾಳವನ್ನು ಕತ್ತರಿಸಿ, ಅದರ ತುದಿಯನ್ನು ಶ್ವಾಸಕೋಶಕ್ಕೆ ಹೋಗುವ ನಾಳಕ್ಕೆ ಹೊಲಿದರು. ಕೈಗೆ ರಕ್ತ ಅಕ್ಕಪಕ್ಕದ ಸಣ್ಣ ಕವಲುಗಳಿಂದ ಹೇಗೋ ಹೋಗುತ್ತದೆ. ಶ್ವಾಸಕೋಶಕ್ಕೆ ಮಾತ್ರ ಹೆಚ್ಚು ರಕ್ತ ನುಗ್ಗಿತು. ಆದರೆ ಅಂದುಕೊಂಡಂತೆ ಒತ್ತಡ ಏರಲೇ ಇಲ್ಲ. ಶ್ವಾಸಕೋಶ ಬಂದ ರಕ್ತವನ್ನೆಲ್ಲ ನುಂಗಿಕೊಂಡು ಆರಾಮಾಗಿತ್ತು. ಪ್ರಯೋಗ ಸೋತಿತು ಅಂತ ಬರೆದಿಟ್ಟು ಮುಂದಿನ ಕೆಲಸಕ್ಕೆ ಹೋದರು. ಆ ಸೋತ ಪ್ರಯೋಗವೇ ಆರು ವರ್ಷ ಆದ ಮೇಲೆ ಮಕ್ಕಳ ಜೀವ ಕಾಯಿತು. ಹೇಗೆ ಅಂತ ಹೇಳುತ್ತೀನಿ.

ಈ ಹೊತ್ತಿಗೆ ಬ್ಲಾಲಾಕ್ ಅವರಿಗೆ ಥಾಮಸ್ ಇಲ್ಲದೆ ಕೈ ಆಡದು ಅನ್ನುವ ಸ್ಥಿತಿ. 1937ರಲ್ಲಿ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆ ಅವರನ್ನು ಕರೆಯಿತು. ಆದರೆ ಕಪ್ಪು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಅಂದಿತು. ಬ್ಲಾಲಾಕ್ ಹೋಗಲಿಲ್ಲ. 1941ರಲ್ಲಿ ಬಾಲ್ಟಿಮೋರಿನ ಹೆಸರಾಂತ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸರ್ಜರಿ ವಿಭಾಗದ ಮುಖ್ಯಸ್ಥರಾಗಿ ಕರೆದಾಗ ಥಾಮಸ್ ಅವರನ್ನೂ ಕರೆದುಕೊಂಡೇ ಹೋದರು.

ಹಾಪ್ಕಿನ್ಸ್‌ನಲ್ಲಿ ಆಗ ಕಪ್ಪು ಜನ ಅಂದರೆ ಗುಡಿಸುವವರು, ಒರೆಸುವವರು ಮಾತ್ರ. ಪಾಯಿಖಾನೆ ಕೂಡ ಬೇರೆ. ಬಿಳಿ ಕೋಟು ಹಾಕಿಕೊಂಡು ಥಾಮಸ್ ವರಾಂಡದಲ್ಲಿ ನಡೆದರೆ ಜನ ನಿಂತು ನೋಡುತ್ತಿದ್ದರು. ಆ ನೋಟಕ್ಕೆ ಬೇಸತ್ತು, ಲ್ಯಾಬಿನಿಂದ ಹೊರಗೆ ಹೋಗುವಾಗ ಕೋಟು ತೆಗೆದಿಟ್ಟು ಹೋಗುತ್ತಿದ್ದರು. ಹೆಂಡತಿ ಕ್ಲಾರಾ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಆ ಊರಲ್ಲಿ ಕಪ್ಪು ಸಂಸಾರಕ್ಕೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಪಟ್ಟಣದಲ್ಲಿ ಜಾತಿ ಕೇಳಿ ಮನೆ ಇಲ್ಲ ಅನ್ನಿಸಿಕೊಂಡವರು ನಮ್ಮಲ್ಲೂ ಇದ್ದೀರಿ, ನಿಮಗೆ ಗೊತ್ತು.

ನೀಲಿ ಮಕ್ಕಳು

ಹಾಪ್ಕಿನ್ಸ್‌ನಲ್ಲಿ ಮಕ್ಕಳ ಹೃದಯದ ಡಾಕ್ಟರು ಹೆಲೆನ್ ಟಾಸಿಗ್ ಎಂಬ ತಾಯಿ. ಹೆಣ್ಣು ಅನ್ನುವ ಕಾರಣಕ್ಕೆ ಹಾರ್ವರ್ಡ್‌ನಲ್ಲಿ ಡಾಕ್ಟರ್ ಪದವಿಯ ಬಾಗಿಲು ಅವರಿಗೆ ಮುಚ್ಚಿತ್ತು. ಕಿವಿ ಮಂದವಾಗಿದ್ದರಿಂದ ಬೆರಳು ಇಟ್ಟೇ ಮಕ್ಕಳ ಎದೆಬಡಿತ ಓದುತ್ತಿದ್ದರು. ಅವರ ಹತ್ತಿರ ಬರುತ್ತಿದ್ದ ಎಷ್ಟೋ ಮಕ್ಕಳ ತುಟಿ, ಉಗುರು ನೀಲಿ. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದವು. ಹೆಚ್ಚಿನವು ಬೆಳೆದು ದೊಡ್ಡವಾಗುತ್ತಲೇ ಇರಲಿಲ್ಲ.

ಕಾರಣ ಇದು. ಹೃದಯದಲ್ಲಿ ಎರಡು ಮೋಟಾರು. ಬಲಗಡೆಯದು ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಗಾಳಿ ಸೇರಿ ರಕ್ತ ಕೆಂಪಾಗುತ್ತದೆ. ಎಡಗಡೆಯದು ಅದನ್ನು ಮೈಗೆಲ್ಲ ಕಳಿಸುತ್ತದೆ. ಈ ಮಕ್ಕಳಿಗೆ ಹುಟ್ಟುವಾಗಲೇ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು, ಅರ್ಧ ಮುಚ್ಚಿದ ಗೇಟ್ ವಾಲ್ ಹಾಗೆ. ಜೊತೆಗೆ ಎರಡು ಮೋಟಾರಿನ ನಡುವಿನ ಗೋಡೆಯಲ್ಲಿ ತೂತು. ಗಾಳಿ ಕಾಣದ ರಕ್ತ ಅಡ್ಡದಾರಿಯಲ್ಲಿ ಮೈಗೆ ಹೋಗಿಬಿಡುತ್ತದೆ. ಅದಕ್ಕೇ ನೀಲಿ. 1888ರಲ್ಲೇ ಫ್ಯಾಲೋ ಎಂಬ ಫ್ರೆಂಚ್ ಡಾಕ್ಟರು ಇದನ್ನು ವಿವರಿಸಿದ್ದರು. ಆದರೆ ಮದ್ದು ಇರಲಿಲ್ಲ. ಹೃದಯಕ್ಕೆ ಕತ್ತಿ ಹಾಕಬಾರದು ಅನ್ನುವುದೇ ಆಗಿನ ಶಾಸ್ತ್ರ.

1943ರಲ್ಲಿ ಟಾಸಿಗ್ ಬಂದು ಬ್ಲಾಲಾಕ್, ಥಾಮಸ್ ಇಬ್ಬರ ಮುಂದೆ ತಮ್ಮ ಕಷ್ಟ ಹೇಳಿದರು. ನಲ್ಲಿ ರಿಪೇರಿಯವರು ಪೈಪು ತಿರುಗಿಸಿ ಜೋಡಿಸುವ ಹಾಗೆ, ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗಲು ಬೇರೆ ದಾರಿ ಮಾಡಲು ಆಗುವುದಿಲ್ಲವೇ ಅನ್ನುವುದು ಅವರ ಪ್ರಶ್ನೆ. ಕೇಳಿದವರಿಗೆ ಹಳೆಯದು ಹೊಳೆಯಿತು. ನ್ಯಾಶ್‌ವಿಲ್‌ನಲ್ಲಿ ಸೋತ ಪ್ರಯೋಗ ಇದೇ ಅಲ್ಲವೇ! ಒತ್ತಡ ಏರಲಿಲ್ಲ ಅಂತ ಆಗ ಬೇಜಾರು. ಈಗ ಅದೇ ವರ. ಕೈಯ ನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿದರೆ ಶ್ವಾಸಕೋಶ ತಡೆದುಕೊಳ್ಳುತ್ತದೆ ಅನ್ನುವುದು ಆಗಲೇ ಗೊತ್ತಾಗಿತ್ತು.

ಮುಂದಿನ ಕೆಲಸ ಪೂರ್ತಿ ಥಾಮಸ್ ಅವರ ಹೆಗಲಿಗೆ ಬಿತ್ತು. ಮೊದಲು, ಸತ್ತ ಮಕ್ಕಳ ಹೃದಯಗಳನ್ನು ಟಾಸಿಗ್ ಅವರ ಸಂಗ್ರಹದಲ್ಲಿ ಒಂದೊಂದಾಗಿ ನೋಡಿ ದೋಷ ಅರಿತರು. ಆಮೇಲೆ ನಾಯಿಗಳಲ್ಲಿ ಅದೇ ತರಹದ ನೀಲಿ ಸ್ಥಿತಿ ಉಂಟುಮಾಡಿ, ನಾಳ ಹೊಲಿದು ಸರಿಪಡಿಸಿದರು. ಸುಮಾರು ಎರಡು ವರ್ಷ, ಸುಮಾರು 200 ನಾಯಿಗಳು. ಆಪರೇಷನ್ ಆಗಿ ಬಹುಕಾಲ ಬದುಕಿದ ಮೊದಲ ನಾಯಿ ಅನ್ನಾ. ಅದರ ಚಿತ್ರವನ್ನು ಹಾಪ್ಕಿನ್ಸ್‌ನಲ್ಲಿ ಮುಂದೆ ಗೋಡೆಗೆ ಹಾಕಿದರು. ಮಕ್ಕಳ ನಾಳಕ್ಕೆ ತಕ್ಕ ಸಾಮಾನು ಅಂಗಡಿಯಲ್ಲಿ ಇರಲಿಲ್ಲ. ಥಾಮಸ್ ಉದ್ದದ ಸೂಜಿಗಳನ್ನು ತುಂಡು ಮಾಡಿ, ಮತ್ತೆ ಮಸೆದು ಚೂಪು ಮಾಡಿದರು. ನಾಳ ಹಿಡಿಯುವ ಚಿಮಟಗಳನ್ನು ಅಳತೆಗೆ ತಿದ್ದಿಸಿದರು. ಆ ಬಡಗಿ ಕೈ ಇಲ್ಲಿ ಕೆಲಸಕ್ಕೆ ಬಂತು.

1944ರ ನವೆಂಬರ್ 29. ಐಲೀನ್ ಸ್ಯಾಕ್ಸನ್ ಎಂಬ ಒಂದೂಕಾಲು ವರ್ಷದ ಹೆಣ್ಣುಮಗು ಆಪರೇಷನ್ ಮೇಜಿನ ಮೇಲೆ. ತೂಕ ನಾಲ್ಕು ಕಿಲೋ ಚಿಲ್ಲರೆ, ನಮ್ಮಲ್ಲಿ ಮೂರು ತಿಂಗಳ ಕೂಸಿಗಿಂತ ಕಡಿಮೆ. ಬ್ಲಾಲಾಕ್ ಕತ್ತಿ ಹಿಡಿದರು. ಆದರೆ ಈ ಆಪರೇಷನ್ನನ್ನು ನೂರಾರು ಸಲ ಮಾಡಿದ್ದ ಮನುಷ್ಯ ಥಾಮಸ್ ಒಬ್ಬರೇ. ಅವರು ಪಕ್ಕದಲ್ಲಿ ಇಲ್ಲದೆ ಶುರು ಮಾಡಲು ಬ್ಲಾಲಾಕ್ ಒಪ್ಪಲಿಲ್ಲ. ಒಂದು ಸ್ಟೂಲು ತಂದು ಹಾಕಿದರು. ಥಾಮಸ್ ಅದರ ಮೇಲೆ ನಿಂತು ಬ್ಲಾಲಾಕ್ ಬಲಭುಜದ ಹಿಂದಿನಿಂದ ನೋಡುತ್ತಾ, ಹೊಲಿಗೆ ಈ ಕಡೆಯಿಂದಲೋ ಆ ಕಡೆಯಿಂದಲೋ, ಎಷ್ಟು ಅಂತರ, ಅಂತ ಕೇಳಿದ್ದಕ್ಕೆಲ್ಲ ಹೇಳುತ್ತಾ ಹೋದರು. ಸರ್ಜರಿಯ ದೊರೆ ಕೇಳುವವನು, ರಿಜಿಸ್ಟರಿನ ಕೆಳಗಿನ ಸಾಲಿನವನು ಹೇಳುವವನು. ಅಮೆರಿಕದಲ್ಲಿ ಅದನ್ನು ಕಂಡವರು ಅಪರೂಪ.

ಮಗು ಬದುಕಿತು, ಬಣ್ಣ ತಿಳಿಯಾಯಿತು. ಕೆಲವು ತಿಂಗಳು ಆದ ಮೇಲೆ ಮತ್ತೆ ಕಾಯಿಲೆ ಮರುಕಳಿಸಿ ತೀರಿಕೊಂಡಿತು. ಆದರೆ ದಾರಿ ತೆರೆದಿತ್ತು. 1945ರ ಫೆಬ್ರವರಿಯಲ್ಲಿ ಆರು ವರ್ಷದ ಒಬ್ಬ ಹುಡುಗನಿಗೆ ಮಾಡಿದಾಗ, ಚಿಮಟ ಬಿಟ್ಟು ರಕ್ತ ಹರಿದ ಕೂಡಲೇ ಮೇಜಿನ ಮೇಲೆಯೇ ಅವನ ನೀಲಿ ತುಟಿ ಕೆಂಪಾಯಿತು. ಸುದ್ದಿ ಹರಡಿತು. ದೇಶ ವಿದೇಶದಿಂದ ತಾಯಂದಿರು ನೀಲಿ ಮಕ್ಕಳನ್ನು ಎತ್ತಿಕೊಂಡು ಬಾಲ್ಟಿಮೋರಿಗೆ ಬಂದರು. ಹೃದಯ ಮುಟ್ಟಬಾರದು ಅನ್ನುವ ಕಟ್ಟಳೆ ಮುರಿಯಿತು. ಇವತ್ತಿನ ಹೃದಯದ ಸರ್ಜರಿ ಬೆಳೆದದ್ದು ಅಲ್ಲಿಂದ ಮುಂದಕ್ಕೆ.

ಹೆಸರು ಯಾರದು?

1945ರ ಮೇ ತಿಂಗಳಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬಂತು. ಬರೆದವರು ಬ್ಲಾಲಾಕ್ ಮತ್ತು ಟಾಸಿಗ್. ಆಪರೇಷನ್ನಿಗೆ ಹೆಸರು ಬ್ಲಾಲಾಕ್ ಟಾಸಿಗ್ ಷಂಟ್. ಥಾಮಸ್ ಅವರ ಹೆಸರು ಎಲ್ಲೂ ಇಲ್ಲ. ಪೇಪರಿನಲ್ಲಿ ಇಲ್ಲ, ಬಹುಮಾನದಲ್ಲಿ ಇಲ್ಲ, ಸನ್ಮಾನದ ಫೋಟೋದಲ್ಲಿ ಇಲ್ಲ.

ಸಂಬಳ ಸಂಸಾರಕ್ಕೆ ಸಾಲದು. ಆದ್ದರಿಂದ ಬ್ಲಾಲಾಕ್ ಮನೆಯ ಪಾರ್ಟಿಗಳಲ್ಲಿ ಥಾಮಸ್ ಗ್ಲಾಸು ತುಂಬಿಸಿಕೊಡುವ ಕೆಲಸಕ್ಕೆ ಹೋಗುತ್ತಿದ್ದರು. ಹಗಲು ಯಾವ ಡಾಕ್ಟರುಗಳಿಗೆ ನಾಳ ಹೊಲಿಯುವುದು ಕಲಿಸಿದರೋ ರಾತ್ರಿ ಅವರಿಗೇ ಗ್ಲಾಸು ಕೊಡುವುದು! 1946ರಲ್ಲಿ ಅವರು ಗಟ್ಟಿಯಾಗಿ ಕೇಳಿದರು. ಸಂಬಳ ಏರಿಸದಿದ್ದರೆ ನ್ಯಾಶ್‌ವಿಲ್‌ಗೆ ವಾಪಸು ಹೋಗಿ ಉಳಿ ಹಿಡಿಯಲು ತಯಾರಾಗಿದ್ದರು. ಆಗ ಸಂಬಳ ಚೆನ್ನಾಗಿ ಏರಿತು.

ಓದುವ ಆಸೆಯೂ ಸತ್ತಿರಲಿಲ್ಲ. 1947ರಲ್ಲಿ ಮಾರ್ಗನ್ ಸ್ಟೇಟ್ ಕಾಲೇಜಿನಲ್ಲಿ ವಿಚಾರಿಸಿದರು. ಹದಿನೇಳು ವರ್ಷದ ಅನುಭವಕ್ಕೆ ಒಂದು ಮಾರ್ಕೂ ಇಲ್ಲ, ಹೊಸ ಹುಡುಗರ ಜೊತೆ ಮೊದಲಿಂದ ಕೂರಬೇಕು. ಲೆಕ್ಕ ಹಾಕಿದರೆ ಡಾಕ್ಟರ್ ಆಗುವ ಹೊತ್ತಿಗೆ ವಯಸ್ಸು 50. ಹೆಂಡತಿ ಮಕ್ಕಳ ಮುಖ ನೋಡಿ ಬಿಟ್ಟುಬಿಟ್ಟರು.

ಬ್ಲಾಲಾಕ್ ಒಳ್ಳೆಯವರೋ ಕೆಟ್ಟವರೋ ಅಂತ ನೀವು ಕೇಳಬಹುದು. ಥಾಮಸ್ ಇಲ್ಲದ ಕಡೆ ಕೆಲಸಕ್ಕೆ ಹೋಗಲಿಲ್ಲ, ಆಪರೇಷನ್ ಕೋಣೆಯಲ್ಲಿ ಅವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು, ಸಂಬಳಕ್ಕಾಗಿ ಮಾತಾಡಿದರು. ಇದು ನಿಜ. ಕಾಗದದಲ್ಲಿ ಹೆಸರು ಬರೆಯಬೇಕಾದಾಗ ಬರೆಯಲಿಲ್ಲ. ಅದೂ ನಿಜ. ಒಬ್ಬ ಒಳ್ಳೆಯ ಧಣಿ ಸಿಕ್ಕರೆ ಕಷ್ಟ ಕಡಿಮೆಯಾಗಬಹುದು, ಹಕ್ಕು ಸಿಗುವುದಿಲ್ಲ. ಹಕ್ಕು ಬರವಣಿಗೆಯಲ್ಲಿ ಇರಬೇಕು. ಬಾಬಾಸಾಹೇಬರು ನಮಗೆ ದಯೆ ಕೇಳಲಿಲ್ಲ, ಸಂವಿಧಾನದ ಕಲಮು ಬರೆದರು.

ಥಾಮಸ್ ಹಾಪ್ಕಿನ್ಸ್ ಲ್ಯಾಬಿನ ಮುಖ್ಯಸ್ಥರಾಗಿ ಒಂದು ತಲೆಮಾರಿನ ಸರ್ಜನ್ನರನ್ನು ತಯಾರು ಮಾಡಿದರು. ಮುಂದೆ ಜಗತ್ಪ್ರಸಿದ್ಧರಾದ ಡೆಂಟನ್ ಕೂಲಿ ಅವರಲ್ಲಿ ಒಬ್ಬರು. ಕಪ್ಪು ಹುಡುಗರನ್ನು ಹುಡುಕಿ ತಂದು ಲ್ಯಾಬ್ ಕೆಲಸ ಕಲಿಸಿದರು. ಹಾಪ್ಕಿನ್ಸ್‌ನ ಮೊದಲ ಕಪ್ಪು ಹೃದಯ ಸರ್ಜನ್ ಲಿವೈ ವಾಟ್ಕಿನ್ಸ್‌ಗೆ ಅವರು ಹಿರಿಯಣ್ಣನ ಹಾಗಿದ್ದರು. 1980ರಲ್ಲಿ ಮನುಷ್ಯನ ಮೈಯೊಳಗೆ, ಹೃದಯದ ಬಡಿತ ಹದಗೆಟ್ಟಾಗ ತಾನಾಗಿಯೇ ವಿದ್ಯುತ್ ಪೆಟ್ಟು ಕೊಟ್ಟು ಸರಿಪಡಿಸುವ ಯಂತ್ರವನ್ನು ಮೊದಲ ಬಾರಿಗೆ ಕೂರಿಸಿದವರು ಇದೇ ವಾಟ್ಕಿನ್ಸ್.

ಬ್ಲಾಲಾಕ್ 1964ರಲ್ಲಿ ತೀರಿಕೊಂಡರು. ಥಾಮಸ್ ಇನ್ನೂ 15 ವರ್ಷ ದುಡಿದರು. ಕೊನೆಗೆ ಅವರ ಶಿಷ್ಯರಾಗಿದ್ದ ಸರ್ಜನ್ನರೇ ಸೇರಿ ಅವರ ತೈಲಚಿತ್ರ ಬರೆಸಿ 1971ರಲ್ಲಿ ಆಸ್ಪತ್ರೆಗೆ ಒಪ್ಪಿಸಿದರು. ಅದನ್ನು ಬ್ಲಾಲಾಕ್ ಚಿತ್ರದ ಪಕ್ಕದಲ್ಲೇ ತೂಗುಹಾಕಿದರು. 1976ರಲ್ಲಿ ಹಾಪ್ಕಿನ್ಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟು ಬೋಧಕರ ಪಟ್ಟಿಗೆ ಸೇರಿಸಿತು. ಆ ಡಾಕ್ಟರೇಟೂ ವೈದ್ಯಕೀಯದ್ದಲ್ಲ, ಕಾನೂನಿನದು! ಇರಲಿ, ಕೆಲಸಕ್ಕೆ ಸೇರಿ 46 ವರ್ಷಕ್ಕೆ ಜನ ಅವರನ್ನು ಡಾಕ್ಟರ್ ಥಾಮಸ್ ಅಂತ ಕರೆದರು. 1979ರಲ್ಲಿ ನಿವೃತ್ತರಾಗಿ ತಮ್ಮ ಜೀವನಚರಿತ್ರೆ ತಾವೇ ಬರೆದರು. 1985ರ ನವೆಂಬರ್ 26ರಂದು ಕಣ್ಮುಚ್ಚಿದರು. ಕೆಲವೇ ದಿನಕ್ಕೆ ಪುಸ್ತಕ ಹೊರಬಂತು. ನವೆಂಬರ್ 26 ನಮಗೆ ಸಂವಿಧಾನ ದಿನ. 2004ರಲ್ಲಿ ಅವರ ಮೇಲೆ ಸಿನಿಮಾ ಬಂತು. ಈಗ ಎಷ್ಟೋ ಡಾಕ್ಟರುಗಳು ಆ ಆಪರೇಷನ್ನಿಗೆ ಬ್ಲಾಲಾಕ್ ಥಾಮಸ್ ಟಾಸಿಗ್ ಷಂಟ್ ಅಂತ ಮೂರು ಹೆಸರು ಸೇರಿಸಿ ಬರೆಯುತ್ತಾರೆ. ತಡವಾಗಿ ಬಂದರೂ ಹೆಸರು ಬಂತು.

ನಮಗೆ ಏನು?

ನಮ್ಮ ತಾತಂದಿರು ಸತ್ತ ದನ ಸುಲಿದರು, ತೊಗಲು ಹದ ಮಾಡಿದರು, ಮೆಟ್ಟು ಹೊಲಿದರು, ಹಲಗೆ ಬಿಗಿದರು. ನರ ಎಲ್ಲಿ, ನಾಳ ಎಲ್ಲಿ, ಕೀಲು ಎಲ್ಲಿ ಅಂತ ಅವರ ಕತ್ತಿಗೆ ಗೊತ್ತಿತ್ತು. ನಮ್ಮ ಅಜ್ಜಿಯರು ಊರವರ ಹೆರಿಗೆ ಮಾಡಿಸಿದರು. ಆ ತಿಳಿವಳಿಕೆಗೆ ಊರು ಕೊಟ್ಟ ಹೆಸರು ಮೈಲಿಗೆ. ಇವತ್ತು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ನಮ್ಮ ಹುಡುಗ ಹುಡುಗಿಯರ ಕೈ ನೋಡ್ರಿ, ಒಂದು ಎಳೆ ತಪ್ಪುವುದಿಲ್ಲ. ಪ್ಯಾಂಟಿನ ಮೇಲೆ ಚೀಟಿ ಮಾತ್ರ ಬೇರೆಯವರದು. ಕೈಗೆ ಜಾತಿ ಇಲ್ಲ, ಚೀಟಿ ಅಂಟಿಸುವವರಿಗೆ ಇದೆ.

ಅದಕ್ಕೇ ಥಾಮಸ್ ಅವರ ಜೀವನದಿಂದ ಬರೀ ತಾಳ್ಮೆಯ ಪಾಠ ಕಲಿತು ಕೂರಬೇಡಿ. ಸುಮ್ಮನೆ ದುಡಿ, ಒಂದು ದಿನ ಹೆಸರು ಬರುತ್ತದೆ ಅಂತ ಯಾರಾದರೂ ಹೇಳಿದರೆ, 46 ವರ್ಷ ಅಂತ ನೆನಪು ಮಾಡಿ. ಕೈಕೆಲಸ ಕಲಿಯಿರಿ, ಜೊತೆಗೆ ಕಾಗದವನ್ನೂ ಸಂಪಾದಿಸಿ. ಅವರಿಗೆ ಬ್ಯಾಂಕ್ ಮುಳುಗಿ ಓದು ತಪ್ಪಿತು. ನಮಗೆ ಸ್ಕಾಲರ್‌ಶಿಪ್ ಇದೆ, ಹಾಸ್ಟೆಲ್ ಇದೆ, ಮೀಸಲಾತಿ ಇದೆ. ಇದೆಲ್ಲ ಹೋರಾಡಿ ಪಡೆದದ್ದು. ಇಂಟರ್‌ಗೆ ಓದು ಬಿಡುವ ಮುಂಚೆ ಸಂಘಕ್ಕೆ ಒಂದು ಸಲ ಬನ್ನಿ, ಫಾರಂ ತುಂಬಲು ಜನ ಇದ್ದೀವಿ. ಕೆಲಸಕ್ಕೆ ಸೇರಿದ ಮೇಲೆ ರಿಜಿಸ್ಟರಿನಲ್ಲಿ ನಿಮ್ಮ ಹುದ್ದೆ ಏನು ಅಂತ ಬರೆದಿದ್ದಾರೆ ಅಂತ ಕಣ್ಣಾರೆ ನೋಡಿ.

ಇನ್ನೆರಡು ಮಾತು ಮನೆಯ ಹೆಂಗಸರಿಗೆ, ಹಿರಿಯರಿಗೆ. ಮಗು ಅತ್ತಾಗ, ಹಾಲು ಕುಡಿಯುವಾಗ ತುಟಿ ಉಗುರು ನೀಲಿಯಾದರೆ, ಆಡುತ್ತಾ ಆಡುತ್ತಾ ಕುಕ್ಕುರುಗಾಲಲ್ಲಿ ಕೂತುಬಿಟ್ಟರೆ, ದೃಷ್ಟಿ, ಗಾಳಿ ಅಂತ ತಾಯಿತ ಕಟ್ಟಿ ದಿನ ಕಳೆಯಬೇಡಿ. ಆಶಾ ಅಕ್ಕನಿಗೆ, ಅಂಗನವಾಡಿಗೆ ಹೇಳಿ, ಡಾಕ್ಟರಿಗೆ ತೋರಿಸಿ. 2007ರಲ್ಲಿ ಆರೋಗ್ಯಶ್ರೀ ಮೊದಲು ಶುರುವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರ ಒಂದು. ಪುಟ್ಟಪರ್ತಿಯ ದೊಡ್ಡಾಸ್ಪತ್ರೆಯಲ್ಲಿ 1991ರಿಂದ ಹೃದಯದ ಆಪರೇಷನ್ ದುಡ್ಡಿಲ್ಲದೆ ಮಾಡುತ್ತಿದ್ದಾರೆ. ಹಾಗೆಯೇ 30 ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸಿ. ಏರಿದ ಒತ್ತಡ ನೋವು ಕೊಡುವುದಿಲ್ಲ, ಒಳಗೊಳಗೇ ಪೈಪು ಸವೆಸುತ್ತದೆ. ಡಾಕ್ಟರು ಕೊಟ್ಟ ಮಾತ್ರೆ, ಆರಾಮಾಯ್ತು ಅಂತ ನಡುವೆ ಬಿಡಬೇಡಿ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.

ನಮ್ಮ ಕೇರಿಯಿಂದ ಒಬ್ಬ ಹುಡುಗಿ ನಾಳೆ ಹೃದಯದ ಸರ್ಜನ್ ಆಗಬೇಕು. ಅವಳಿಗೆ ಸ್ಟೂಲಿನ ಮೇಲೆ ಹಿಂದೆ ನಿಲ್ಲುವ ಗತಿ ಬರಬಾರದು. ಕತ್ತಿ ಅವಳ ಕೈಯಲ್ಲೇ ಇರಬೇಕು, ಪೇಪರಿನಲ್ಲಿ ಮೊದಲ ಹೆಸರು ಅವಳದೇ ಇರಬೇಕು. ಅದಕ್ಕೆ ಬೇಕಾದದ್ದನ್ನು ಸಂಘವೂ ಮನೆಯೂ ಸೇರಿ ಇವತ್ತಿನಿಂದಲೇ ಮಾಡೋಣ.

ಜೈ ಭೀಮ್.